ನಾಲ್ಕು ಬೆರಳು ತಗ್ಗಿದ ಕಾರು

ಅಪ್ಪ ಎರಕ ಹೊಯ್ದ ಗಂಟೆಯನ್ನು ಕರಗಿಸಿ ನಲ್ಲಿಯ ಹಿಡಿ ಮಾಡುತ್ತಾರೆಂದು ತಿಳಿದ ದಿನ ಉಗ್ರಾಣದ ಗುಮಾಸ್ತ ಕಳ್ಳನಾಗಲು ತೀರ್ಮಾನಿಸಿದ. ಮೂವತ್ತೊಂದು ವರ್ಷದಲ್ಲಿ ಆ ಕಾರ್ಖಾನೆಯಿಂದ ಒಂದು ಮೊಳೆಯನ್ನೂ ಮನೆಗೆ ಒಯ್ದವನಲ್ಲ, ಹಾಗಾಗಿ ಅನುಭವವಿರಲಿಲ್ಲ. ಆದರೆ ಕದ್ದವರನ್ನು ಅಷ್ಟೂ ವರ್ಷ ಹತ್ತಿರದಿಂದ ನೋಡಿದ್ದ. ಅವರು ಎಲ್ಲೆಲ್ಲಿ ದಡ್ಡತನ ಮಾಡುತ್ತಾರೆಂಬುದು ಅವನಿಗೆ ಬಾಯಿಪಾಠವಾಗಿತ್ತು.

ಸೈರನ್ ಬರುವ ಮುಂಚೆ ಪಾಳಿ ಬದಲಾಗುವಾಗ ಬಾರಿಸುತ್ತಿದ್ದ ಕಂಚಿನ ಗಂಟೆ ಅದು. ಮರಳಿನ ಅಚ್ಚು ಕಟ್ಟುವಾಗ ಅಪ್ಪ ಅಂಚಿನ ಬಳಿ ಹೆಬ್ಬೆರಳು ಒತ್ತಿದ್ದ. ಎರಕ ಆರಿದ ಮೇಲೆ ಅಲ್ಲಿ ಹೆಬ್ಬೆರಳ ತುದಿಯೊಂದು ಗೆರೆಗಳ ಸಮೇತ ಉಬ್ಬಿ ನಿಂತಿತು. ಅಪ್ಪ ಸತ್ತು ಹತ್ತೊಂಬತ್ತು ವರ್ಷವಾಗಿದ್ದರೂ ಗುಮಾಸ್ತ ಬೆಳಿಗ್ಗೆ ಉಗ್ರಾಣದ ಬೀಗ ತೆಗೆದ ಕೂಡಲೇ ಮೂಲೆಗೆ ಹೋಗಿ ಅದನ್ನು ಒಮ್ಮೆ ಮುಟ್ಟುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಹಳೆಯ ಯಜಮಾನರು ನಾಲ್ಕು ಜನರ ಎದುರಿಗೇ ಹೇಳಿದ್ದರು: "ನೀನು ಕೆಲಸ ಬಿಡೋ ದಿನ ಇದನ್ನ ತಗೊಂಡು ಹೋಗಯ್ಯ, ನಿಮ್ಮಪ್ಪಂದೇ ಅಲ್ವಾ." ಯಜಮಾನರು ತೀರಿಕೊಂಡರು, ಮಾತೂ ಅವರ ಹಿಂದೆಯೇ ಹೋಯಿತು. ಆ ನಾಲ್ವರಲ್ಲಿ ಇಬ್ಬರು ಸತ್ತಿದ್ದರು, ಒಬ್ಬನಿಗೆ ಮರೆವು, ಇನ್ನೊಬ್ಬನಿಗೆ ಹೊಸ ಯಜಮಾನರ ಭಯ. ಹೊಸ ಯಜಮಾನರೆಂದರೆ ಹಳೆಯವರ ಅಳಿಯ. ಅವನು ಫೋನಿನಿಂದ ತಲೆಯೆತ್ತದೆ, "ಕಂಚು ಕಂಚೇ ಅಲ್ವೇನ್ರಿ? ಮುಂದಿನ ಕರಗಿಸೋ ಪಟ್ಟಿಗೆ ಸೇರಿಸಿ" ಅಂದ. ಮುಂದಿನ ಪಟ್ಟಿಗೆ ಎರಡು ತಿಂಗಳಿತ್ತು. ಪಟ್ಟಿ ಬರೆಯುವವನು ಗುಮಾಸ್ತನೇ.

ಕಾಗದದ ಕೆಲಸ ಅವನಿಗೆ ನೀರು ಕುಡಿದಷ್ಟು ಸುಲಭ. ಗಿರಾಕಿಗಳು ವಾಪಸು ಕಳಿಸಿದ ಒಡಕು ನಲ್ಲಿಗಳು ಯಾವ ಪುಸ್ತಕಕ್ಕೂ ಏರದೆ ಗೋಣಿಚೀಲಗಳಲ್ಲಿ ಕೂತಿದ್ದವು. ಗಂಟೆಯನ್ನು ಮೂರು ಸಲ ತೂಗಿದ. ಮೂರು ಸಲವೂ ನೂರ ಐವತ್ತೈದು ಕೆಜಿ. ಅಷ್ಟೇ ತೂಕದ ಒಡಕು ಕಂಚನ್ನು ಪೆಟ್ಟಿಗೆಗೆ ತುಂಬಿ 'ಒಡೆದ ಗಂಟೆ' ಎಂದು ಬರೆದರೆ ಕುಲುಮೆಗೆ ಏನು ಗೊತ್ತಾಗಬೇಕು? ಕಷ್ಟ ಇದ್ದದ್ದು ಗೇಟಿನಲ್ಲಿ.

ಗೇಟಿನಲ್ಲಿದ್ದ ಕಾವಲುಗಾರ ಮೊದಲು ಲಾರಿ ಡ್ರೈವರ್ ಆಗಿದ್ದವನು. ಎಲ್ಲರೂ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಸಹೋದ್ಯೋಗಿಯ ಕಾರಿನ ಡಿಕ್ಕಿ ತೆಗೆಸುವುದು ಮರ್ಯಾದೆಯಲ್ಲ ಎಂಬುದು ಅವನ ನಂಬಿಕೆ, ಹಾಗಾಗಿ ಚಕ್ರ ನೋಡುತ್ತಿದ್ದ. ಬೆಳಿಗ್ಗೆ ಒಳಗೆ ಬಂದ ಕಾರಿನ ಹಿಂಭಾಗ ಸಂಜೆ ಎರಡು ಬೆರಳು ಕುಗ್ಗಿದ್ದರೆ ಸಾಕು. ಫಿಟ್ಟರ್ ಒಬ್ಬ ತಾಮ್ರದ ತಂತಿಯ ಸುರುಳಿಯ ಜೊತೆ ಸಿಕ್ಕಿಬಿದ್ದದ್ದು ಹಾಗೆಯೇ. ಫಿಟ್ಟರ್ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅವನ ಪಿಂಚಣಿ ಕಾರ್ಖಾನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಎದುರಾಳಿ ಚಾಪೆಯ ಕೆಳಗೆ ನುಸುಳಿದರೆ ತಾನು ರಂಗೋಲಿಯ ಕೆಳಗೆ ನುಸುಳಬೇಕು. ಗುಮಾಸ್ತ ಯೋಚಿಸಿದ: ಕಾರು ಕುಗ್ಗಿದ್ದು ಕಂಡರೆ ತಾನೇ ಅನುಮಾನ? ಕಾರು ದಿನಾ ಕುಗ್ಗಿಯೇ ಇದ್ದರೆ?

ಅವನ ಕಾರಿಗೆ ಇಪ್ಪತ್ತಾರು ವರ್ಷ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಕಟಕಟ ಎನ್ನುತ್ತಿತ್ತು. ರಿಪೇರಿಗೆ ನೆಪ ಹುಡುಕುವ ಅಗತ್ಯವೇ ಇರಲಿಲ್ಲ. ನಾಲ್ಕು ಭಾನುವಾರ ಮನೆಯ ಮುಂದೆ ಕಾರನ್ನು ಜಾಕಿಯ ಮೇಲೆ ನಿಲ್ಲಿಸಿ, ಅಡಿಯಲ್ಲಿ ಭದ್ರವಾದ ದಿಮ್ಮಿ ಕೊಟ್ಟು, ಕೆಲಸ ಮಾಡಿದ. ಮುಂದಿನ ಚಕ್ರ ತಿರುಗಿಸುವ ಬಾಲ್ ಜಾಯಿಂಟ್ ಎರಡೂ ಸವೆದು ತೊಟ್ಟಿಲಿನಂತೆ ತೂಗುತ್ತಿದ್ದವು. ಚಕ್ರವನ್ನು ಹಿಡಿದಿಡುವ ಆರ್ಮ್‌ಗಳ ರಬ್ಬರ್ ಬುಷ್ಷುಗಳು ಕೈಯಲ್ಲಿ ಹಿಡಿದೊಡನೆ ಉದುರಿದವು. ಎಣ್ಣೆ ಕಾರಿದ ಶಾಕ್ ಅಬ್ಸಾರ್ಬರ್ ತೆಗೆದು ಹೊಸದು ಕೂರಿಸಿದ. ಮುಂದೆಯೂ ಹಿಂದೆಯೂ ಹಳೆಯ ಸ್ಪ್ರಿಂಗಿನ ಜಾಗಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿದ. ಅದು ಗಿಡ್ಡವಷ್ಟೇ ಅಲ್ಲ, ಬಿಗಿಯೂ ಹೌದು. ಕಾರು ಮೊದಲೇ ನಾಲ್ಕು ಬೆರಳು ತಗ್ಗಿ ಕೂರುತ್ತದೆ, ಮೇಲೆ ಭಾರ ಹೇರಿದರೆ ಇನ್ನೊಂದು ಬೆರಳು ಇಳಿದರೆ ಹೆಚ್ಚು. ಇದು ಅವನ ಯೋಜನೆಯ ತಿರುಳು.

ಕೆಲಸವನ್ನೂ ಕಳ್ಳಕೆಲಸದ ಹಾಗೆ ಮಾಡಲಿಲ್ಲ. ಬುಷ್ಷಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರು ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಕೊನೆಯ ಬಿಗಿತ. ಭಾರದ ವಿಷಯದಲ್ಲಿ ತಾನು ಎಂದೂ ಎಡವುವವನಲ್ಲ ಎಂಬ ಹೆಮ್ಮೆ ಅವನಿಗೆ.

ಮೈಯೆಲ್ಲ ಗ್ರೀಸು ಮಾಡಿಕೊಂಡು ಎದ್ದೇಳಲು ಪರದಾಡುತ್ತಿದ್ದವನನ್ನು ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಕಾರಿಗೆ ಆಮೇಲೆ. ಮೊದಲು ನಿಮ್ಮ ಮೊಣಕಾಲಿಗೆ ಒಂದು ಬುಷ್ಷು ಹಾಕಿಸ್ಕೊಳ್ಳಿ."

"ಸುಮ್ನಿರು. ಓಡೋ ಕಾರು ನೆಲಕ್ಕೆ ಹತ್ತಿರ ಇರಬೇಕು."

"ನಾವೂ ಹತ್ತಿರಾನೇ ಬಂದಿದ್ದೀವಿ, ಅವಸರ ಯಾಕೆ" ಎಂದು ಅವಳು ಒಳಗೆ ಹೋದಳು.

ಸೋಮವಾರ ಹದ್ದು ಕಾರಿನ ಸುತ್ತ ಎರಡು ಸುತ್ತು ಬಂದ. "ಏನಣ್ಣ, ರಿಟೈರಾಗೋ ವಯಸ್ಸಲ್ಲಿ ಕಾಲೇಜು ಹುಡುಗರ ಶೋಕಿ?" ಗುಮಾಸ್ತ ನಾಚಿಕೊಂಡವನಂತೆ ನಕ್ಕ. ನಾಚಿಕೆ ಸ್ವಲ್ಪ ನಿಜವೂ ಇತ್ತು.

ಗೇಟಿಗೆ ಎರಡು ದಾರಿ. ಸಣ್ಣ ಗಾಡಿಗಳ ದಾರಿಗೆ ಒಂದು ಉಬ್ಬು, ತಗ್ಗಿದ ಕಾರು ಅದರ ಮೇಲೆ ಹೊಟ್ಟೆ ಉಜ್ಜಿಕೊಂಡೇ ದಾಟಿತು. ಖಾಲಿಯಿದ್ದಾಗಲೇ ಈ ಗತಿಯಾದರೆ ಗಂಟೆ ಹೊತ್ತಾಗ ಇಡೀ ಬೀದಿಗೆ ಕೇಳಿಸುತ್ತದೆ. ಇದಕ್ಕೇನು ಮಾಡುವುದೆಂದು ಅವನು ಎರಡು ದಿನ ಅನ್ನ ಸೇರದೆ ಕೂತ. ಮೂರನೆಯ ದಿನ ಹದ್ದೇ ಕೈಬೀಸಿ ಕರೆದ.

"ಆ ಸದ್ದು ಕೇಳಿದ್ರೆ ನನ್ನ ಹೊಟ್ಟೆ ಉಜ್ಜಿದ ಹಾಗಾಗುತ್ತೆ. ಲಾರಿ ದಾರೀಲಿ ಬಾ, ಅಲ್ಲಿ ಉಬ್ಬಿಲ್ಲ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು."

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಲಾರಿ ದಾರಿಯಲ್ಲಿದ್ದದ್ದು ಲಾರಿ ತೂಗುವ ಕಬ್ಬಿಣದ ಹಲಗೆ, ಅದನ್ನು ನೆಲಕ್ಕೆ ಸಮನಾಗಿ ಹಾಸಿದ್ದರು. ಗುಮಾಸ್ತ ಅದನ್ನು ಮರೆಯಲಿಲ್ಲ, ಮರೆಯುವ ಜಾತಿಯವನಲ್ಲ. ಲಾರಿ ಬಂದಾಗ ಹದ್ದು ತನ್ನ ಕೋಣೆಯಲ್ಲಿ ಗುಂಡಿ ಒತ್ತಬೇಕು, ಆಗಲೇ ತೂಕದ ಚೀಟಿ ಬರುವುದು. ಒತ್ತದಿದ್ದರೆ ಚೀಟಿಯಿಲ್ಲ. ಚೀಟಿಯ ಕಾಗದದ ಸುರುಳಿ ಹೋಗುವುದು ಗುಮಾಸ್ತನ ಉಗ್ರಾಣದಿಂದಲೇ, ಕಾರಿಗಾಗಿ ಒಂದು ಗೇಣೂ ಹೆಚ್ಚಿಗೆ ಖರ್ಚಾಗಿಲ್ಲವೆಂದು ಪ್ರತಿ ವಾರ ನೋಡಿಕೊಂಡ. ಆ ಕೋಣೆಯ ಒಳಗೆ ಮಾತ್ರ ಅವನು ಎಂದೂ ಕಾಲಿಟ್ಟಿರಲಿಲ್ಲ. ಹೋಗಬೇಕಾದ ಕೆಲಸವೂ ಇರಲಿಲ್ಲ.

ಮುಂದಿನ ನಾಲ್ಕು ವಾರ ಮಾಡಬೇಕಾದ್ದೇನೂ ಇರಲಿಲ್ಲ, ಅಭ್ಯಾಸವಾಗಬೇಕಿತ್ತು ಅಷ್ಟೇ. ಬೆಳಿಗ್ಗೆ, ಸಂಜೆ, ಹಲಗೆಯ ಮೇಲೆ ನಿಧಾನವಾಗಿ ಬಂದು ಗೇಟಿನ ಅಡ್ಡಗಂಬ ಏಳುವ ತನಕ ಒಂದು ಗಳಿಗೆ ನಿಲ್ಲುವುದು. ಹದ್ದು ಕಿಟಕಿಯಿಂದ ಒಂದು ಮಾತು ಎಸೆಯುವುದು. ನೆಂಟರ ಮದುವೆ ಮುಗಿಸಿ ಬಂದ ದಿನ "ಐದು ಕೆಜಿ ಏರಿಸ್ಕೊಂಡು ಬಂದಿದ್ದೀಯ" ಅಂದ. ಗುಮಾಸ್ತ ಹೊಟ್ಟೆ ಒಳಗೆಳೆದುಕೊಂಡ. ಗಂಟೆಗೆ ಜಾಗವಾಗಲೆಂದು ಹಿಂದಿನ ಸೀಟನ್ನು ಕಳಚಿ ಮನೆಯಲ್ಲಿಟ್ಟು ಬಂದ ದಿನ, ಹದ್ದು ಕಣ್ಣರಳಿಸಿದ.

"ಒಂದೇ ಏಟಿಗೆ ಇಪ್ಪತ್ತು ಕೆಜಿ ಇಳಿಸಿದ್ದೀಯಲ್ಲಣ್ಣ. ಏನು ಔಷಧಿ?"

"ದಿನಾ ನಡೀತೀನಿ" ಅಂದ ಗುಮಾಸ್ತ. ಮಾತು ಉತ್ಪ್ರೇಕ್ಷೆಯಾದರೂ ಹಿತವಾಗಿತ್ತು. ಅಂದು ಸಂಜೆ ಹೆಂಡತಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, "ಸಣ್ಣಗಾಗಿದ್ದೀನಂತೆ" ಎಂದ. ಅವಳು ಮೇಲಿನಿಂದ ಕೆಳಗಿನವರೆಗೆ ನೋಡಿ, "ಎಲ್ಲಿ?" ಅಂದಳು.

ಸೀಟಿನ ಜಾಗದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸಿ ಮೇಲೆ ಟಾರ್ಪಾಲು ಹೊದಿಸಿದ್ದ. ಹದ್ದು ಮೊದಲ ದಿನ ಎತ್ತಿ ನೋಡಿದ, ಎರಡನೆಯ ದಿನ ಬೆರಳಿನಿಂದ ತಿವಿದ, ಮೂರನೆಯ ದಿನದಿಂದ ಅತ್ತ ನೋಡಲೂ ಇಲ್ಲ. ಚಕ್ರಗಳನ್ನು ನೋಡುವುದನ್ನೂ ಬಿಟ್ಟುಬಿಟ್ಟಿದ್ದ. ಹದ್ದಿನ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ಗುಮಾಸ್ತನಿಗೆ ಸ್ವಲ್ಪ ಪಾಪವೂ ಅನ್ನಿಸಿತು. ಒಳ್ಳೆಯ ಮನುಷ್ಯ.

ಶನಿವಾರ ಅರ್ಧ ದಿನದ ಕೆಲಸ. ಒಂದು ಗಂಟೆಗೆ ಕಾರ್ಖಾನೆ ಖಾಲಿ. ಗುಮಾಸ್ತ ಕಾರನ್ನು ಉಗ್ರಾಣದ ಒಳಗೇ ತಂದ. ಸರಪಳಿಯ ರಾಟೆಯಲ್ಲಿ ಗಂಟೆಯನ್ನು ಎತ್ತಿದ. ಗಂಟೆಯ ನಾಲಗೆಗೆ ಹಳೆ ಬಟ್ಟೆ ಸುತ್ತಿ ಕಟ್ಟಿದ್ದರಿಂದ ಅದು ತುಟಿ ಪಿಟಕ್ಕೆನ್ನಲಿಲ್ಲ. ಹಿಂಬಾಗಿಲಿಗೆ ಒರಗಿಸಿದ ಮರದ ಹಲಗೆಯ ಮೇಲೆ ಇಳಿಸಿ, ಸೀಟಿನ ಜಾಗಕ್ಕೆ ಮೆಲ್ಲಗೆ ಜಾರಿಸಿ, ಸುತ್ತ ರಟ್ಟು ತುರುಕಿ, ಟಾರ್ಪಾಲು ಎಳೆದ. ಕೆಳಗೆ ಬಗ್ಗಿ ಚಕ್ರದ ಮೇಲೆ ಬೆರಳಿಟ್ಟು ಅಳೆದ. ಒಂದು ಬೆರಳು, ಅದೂ ಪೂರ್ತಿ ಇಲ್ಲ. ಟಾರ್ಪಾಲಿನಡಿ ಕೈಹಾಕಿ ಆ ಕಂಚಿನ ಹೆಬ್ಬೆರಳನ್ನು ಹುಡುಕಿ ಮುಟ್ಟಿದ. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯಲು ಅವನಿಗೆ ಆಗಿರಲಿಲ್ಲ. ಇವತ್ತು ಆಗುತ್ತದೆ.

ಕಾರು ಸದ್ದಿಲ್ಲದೆ ಹೋಯಿತು. ಹೊಸ ಬುಷ್ಷುಗಳು, ಹೊಸ ಜಾಯಿಂಟುಗಳು, ಎಲ್ಲೂ ಕಟ ಎನ್ನಲಿಲ್ಲ. ಕಬ್ಬಿಣದ ಹಲಗೆಯ ಮೇಲೆ ಬಂದು ಎಂದಿನಂತೆ ನಿಂತಿತು. ಗುಮಾಸ್ತ ಎಂದಿನಂತೆ ಕಿಟಕಿಯತ್ತ ನಕ್ಕ. ಅಡ್ಡಗಂಬ ಏಳಲಿಲ್ಲ.

ಹದ್ದು ಹೊರಗೆ ಬಂದ. ಚಕ್ರಗಳ ಕಡೆ ನೋಡಲೇ ಇಲ್ಲ, ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತ. ಗುಂಡಿ ಒತ್ತದಿದ್ದರೆ ಚೀಟಿ ಬರುವುದಿಲ್ಲ ಎಂಬುದು ನಿಜ, ಆದರೆ ಅಂಕಿ ಬರುತ್ತಿತ್ತು. ಮೇಜಿನ ಮೇಲಿನ ಡಬ್ಬದಲ್ಲಿ ಅದು ಕೆಂಪಗೆ ಹೊಳೆಯುತ್ತಿತ್ತು. ಪಕ್ಕದ ಗೋಡೆಯ ಮೇಲೆ ಹೊತ್ತು ಹೋಗದ ಮನುಷ್ಯನೊಬ್ಬ ನಾಲ್ಕು ವಾರ ಸೀಮೆಸುಣ್ಣದಲ್ಲಿ ಬರೆದ ಸಾಲು: ಒಂಬೈನೂರ ಹತ್ತು, ಮದುವೆಯ ಮರುದಿನ ಒಂಬೈನೂರ ಹದಿನೈದು, ಮತ್ತೆ ಹತ್ತು, ಆಮೇಲೆ ಎಂಟುನೂರ ತೊಂಬತ್ತು. ಅದಕ್ಕೊಂದು ಸುತ್ತು ಹಾಕಿ 'ಭೇಷ್' ಎಂದು ಬರೆದಿತ್ತು. ಡಬ್ಬದಲ್ಲಿ ಈಗ ಇದ್ದದ್ದು ಸಾವಿರದ ನಲವತ್ತೈದು. "ಬೆಳಿಗ್ಗೆ ಎಂಟುನೂರ ತೊಂಬತ್ತು ಇದ್ದೆಯಲ್ಲಣ್ಣ" ಎಂದ ಹದ್ದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಗುಮಾಸ್ತನಿಗೆ ತಡೆಯಲಾಗಲಿಲ್ಲ. "ಒಂದೇ ಮಧ್ಯಾಹ್ನಕ್ಕೆ ನೂರ ಐವತ್ತೈದು ಕೆಜಿ. ಏನು ಊಟ ಮಾಡಿದೆ?" ಗುಮಾಸ್ತ ಸ್ಟೀರಿಂಗ್ ಹಿಡಿದೇ ಕೂತಿದ್ದ. ನೂರ ಐವತ್ತೈದು. ತಾನು ಮೂರು ಸಲ ತೂಗಿದಾಗಲೂ ಅಷ್ಟೇ ಬಂದಿತ್ತು.