ಪಂಚಮಿಗೆ ಬಂದ ಗಾಲಿಗಳು

“ಈ ಗಾಲಿ ಸತ್ತೈತ್ರಿ.”

ಬೈಲಹೊಂಗಲದ ಬಜಾರಿನಲ್ಲಿ, ಅಷ್ಟೊಂದು ಜನರ ನಡುವೆ ಸೈಕಲ್ ಅಂಗಡಿಯವನು ಹೀಗಂದುಬಿಟ್ಟನಲ್ಲ! ಶೀತಲಳಿಗೆ ಸಿಟ್ಟು ನೆತ್ತಿಗೇರಿತು.

ಸಂಗೊಳ್ಳಿಯಿಂದ ಕಾಲೇಜಿಗೆ ಬರುವಾಗ ಗುಂಡಿಗೆ ಬಿದ್ದು ಅವಳ ಹಳೆಯ ರೇಸ್ ಸೈಕಲ್ಲಿನ ಹಿಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಸೈಕಲ್ಲನ್ನು ಎತ್ತಿಕೊಂಡೇ ಅಂಗಡಿತನಕ ನಡೆದು ಬಂದಿದ್ದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು.

“ಸತ್ತೈತಿ ಅನ್ನಾಕ ನೀವೇನ ಡಾಕ್ಟರೇನ್ರಿ? ಬೆಂಡ್ ತಗದ ಕೊಡ್ರಿ, ಸಾಕು.”

ಅಂಗಡಿಯ ಶ್ರೀಶೈಲ ತಲೆ ಎತ್ತಿದ. ಎತ್ತಿದವನು ನೋಡುತ್ತಲೇ ಉಳಿದ... ಆಮೇಲೆ ಕೊಡದಿಂದ ನೀರು ತಂದು ಅವಳ ಮೊಣಕೈ ಮೇಲೆ ಮೆಲ್ಲಗೆ ಸುರಿದ.

ಅಷ್ಟೇ ಕಣ್ರೀ ಆದದ್ದು. ಒಂದು ಚೊಂಬು ನೀರು! ಅಷ್ಟಕ್ಕೇ ಎದೆ ಹಾಗೆ ಹೊಡೆದುಕೊಳ್ಳಬೇಕೇ? ಶೀತಲ ತನ್ನನ್ನೇ ಬೈದುಕೊಂಡಳು.

ಜಿಲ್ಲೆಯ ರೇಸ್ ಹತ್ತಿರ ಬಂದಿತ್ತು, ಸವದತ್ತಿಯಿಂದ ರಾಮದುರ್ಗದತನಕ. ಗಾಲಿ ಹೊಸದು ಬೇಕೇ ಬೇಕು. ಮರುದಿನ ಆರಿಸಲು ಬಂದಳು. ಗೋಡೆಗೆ ಒಂದು ಜೋಡಿ ತೂಗುತ್ತಿತ್ತು. ಪುಣೆಯಿಂದ ಬಂದದ್ದು, ಕಡ್ಡಿ ಕಡಿಮೆ, ಹೂವಿನಷ್ಟು ಹಗುರ.

“ಇವು ಬೇಕು ನನಗ!”

“ಚಂದ ಅದಾವ್ರಿ. ಆದ್ರ ಮೊದಲ ಸಲ ಕೊಳ್ಳೂ ಜೋಡಿ ಇಷ್ಟ ಹಗುರ ಬ್ಯಾಡ್ರಿ. ಸವದತ್ತಿ ದಾಟಿದ ಮ್ಯಾಲೆ ರಸ್ತಾ ಹೆಂಗೈತಿ ಗೊತ್ತಲ್ಲ? ಇದರಾಗ ಒಂದ ಕಡ್ಡಿ ಮುರೀತಂದ್ರ ಗಾಲಿ ಅಲ್ಲೇ ಸೊಟ್ಟ ಆಗಿ ನಿಂತಬಿಡತೈತಿ.” ಅವನು ಕಪಾಟಿನಿಂದ ಸಾದಾ ಅಲ್ಯುಮಿನಿಯಂ ರಿಮ್ ತೆಗೆದ. “ಇದಕ್ಕ ಮೂವತ್ತಾರ ಕಡ್ಡಿ ಹಾಕಿ ನಾನ ಕಟ್ಟಿ ಕೊಡತೇನಿ. ಸ್ವಲ್ಪ ಭಾರ. ಆದ್ರ ಒಂದೆರಡ ಕಡ್ಡಿ ಮುರದ್ರೂ ನಿಮ್ಮನ್ನ ಮನಿಗೆ ಮುಟ್ಟಸ್ತೈತಿ.”

“ನನಗ ಮನಿ ಮುಟ್ಟೂದ ಬ್ಯಾಡಾಗೈತಿ!”

ಬಾಯಿಂದ ಜಾರಿಬಿಟ್ಟಿತು! ಶೀತಲ ತುಟಿ ಕಚ್ಚಿಕೊಂಡಳು. ಕಣ್ಣು ಮಾತ್ರ ಕೇಳಲಿಲ್ಲ, ತುಂಬಿ ಬಂತು.

ಅವನು ಸ್ಟೂಲು ಸರಿಸಿದ. “ಕುಂಡ್ರಿ. ಏನಾತು?”

ಏನೆಂದು ಹೇಳುವುದು? ದೀಪಾವಳಿ ಮುಗಿಯುತ್ತಲೇ ಅವಳ ಮದುವೆ. ಗಂಡು ಸೋದರಮಾವ ಸಿದ್ಧಾರೂಢ, ಅವ್ವನ ಒಬ್ಬನೇ ತಮ್ಮ, ರಾಮದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಎಷ್ಟು ಸುಲಭವಿತ್ತು! ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿಟ್ಟ ಮಾತು ಅದು. ಅಪ್ಪ ತೀರಿಹೋದ ಮೇಲೆ ಅವ್ವ ರಾಚವ್ವನಿಗೆ ಅದೇ ಆಸರೆ. “ನೀ ನನ್ನ ತಮ್ಮನ ಮನಿ ತುಂಬಿದ್ರ ನನ್ನ ತವರ ಉಳೀತೈತಿ,” ಅನ್ನುತ್ತಾಳೆ. ಸೈಕಲ್ಲಿಗೂ ಅಪ್ಪಣೆ ಈ ರೇಸಿನತನಕ ಮಾತ್ರ. ಓಣಿಯಲ್ಲಿ ಎದುರಾದವರೆಲ್ಲ ಸೀರೆ ಯಾವ ಬಣ್ಣದ್ದು ಅಂತ ಕೇಳುತ್ತಾರೆ. ಮನೆಯ ಪಡಸಾಲೆ ದಿನದಿನಕ್ಕೆ ಸಣ್ಣದಾಗುತ್ತ ಬಂದಂತೆ ಅವಳಿಗೆ ಅನ್ನಿಸುತ್ತಿತ್ತು.

ಎಲ್ಲ ಹೇಳಿದಳು. ಅವನು ಕೇಳಿದ್ದು ಒಂದೇ ಮಾತು.

“ನಿಮ್ಮ ಮನಸಿನ್ಯಾಗ ಏನೈತ್ರಿ?”

ಅಯ್ಯೋ... ಇಷ್ಟು ವರ್ಷ ಯಾರೂ ಕೇಳದ ಮಾತನ್ನು ಈ ಮಹಾರಾಯ ಕೇಳಬೇಕೇ!

“ನನಗ ದೂರ ಹೋಗಬೇಕು,” ಅಂದಳು.

“ಹಂಗಾರ ಗಟ್ಟಿ ಗಾಲೀನ ಬೇಕ್ರಿ.”

ಅವಳು ಅತ್ತಿದ್ದಳು, ಈಗ ನಕ್ಕಳು. “ಆತು. ಕಟ್ರಿ.”

ಗಾಲಿ ಕಟ್ಟುವುದಕ್ಕೆ ಒಂದು ಹೊತ್ತು ಸಾಕು. ಆದರೆ ಶ್ರೀಶೈಲನ ಕೈಯಲ್ಲಿ ಅದು ಮುಗಿಯಲೇ ಇಲ್ಲ ನೋಡಿ! ಕಾಲೇಜು ಬಿಟ್ಟ ಮೇಲೆ ಶೀತಲ ಬರುವಳು, ಸ್ಟೂಲಿನ ಮೇಲೆ ಕೂರುವಳು. ತಾನು ಹಿಂದೆ ರೇಸಿಗೆ ಹೋಗುತ್ತಿದ್ದಾಗಿನ ಒಳ್ಳೆಯ ಹಬ್ಬುಗಳನ್ನೇ, ಗಾಲಿಯ ನಡುವಿನ ಗುಂಬಗಳನ್ನೇ, ಅವನು ಅದಕ್ಕೆ ಹಾಕಿದ್ದ. ಒಂದೊಂದೇ ಕಡ್ಡಿ ಪೋಣಿಸಿ, ಬೆರಳಿನಿಂದ ಮೀಟಿ, ಬಿಗಿ ನೋಡುವನು. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡಬೇಕೆಂದು ಇಬ್ಬರಿಗೂ ಅನ್ನಿಸುತ್ತಿತ್ತು.

ನಾಗರಪಂಚಮಿ ಬಂತು.

ಸಿದ್ಧಾರೂಢ ಅಕ್ಕನಿಗೆ ಇಳಕಲ್ ಸೀರೆ ತಂದಿದ್ದ. ಈ ಸೀಮೆಯಲ್ಲಿ ಪಂಚಮಿ ಎಂದರೆ ಅಣ್ಣತಂಗಿಯರ ಹಬ್ಬ. ಅಣ್ಣತಮ್ಮಂದಿರು ಕೈಲಾದ್ದು ತರುತ್ತಾರೆ, ಅಕ್ಕತಂಗಿಯರು ಶೇಂಗಾ, ಎಳ್ಳಿನ ಉಂಡಿ ಕೊಟ್ಟು ಕಳಿಸುತ್ತಾರೆ. ಪಡಸಾಲೆ ತುಂಬ ಓಣಿಯ ಹೆಂಗಸರು.

ಅಷ್ಟರಲ್ಲಿ ಅಂಗಳದಲ್ಲಿ ಶ್ರೀಶೈಲ! ಎರಡೂ ಹೆಗಲಿಗೆ ಒಂದೊಂದು ಹೊಸ ಗಾಲಿ.

ಬಂದನಲ್ಲ! ನನ್ನ ಮನೆಗೇ ಬಂದನಲ್ಲ! ಶೀತಲ ಗೋಡೆ ಹಿಡಿದುಕೊಂಡಳು.

“ಐತಾರ ರೇಸ್ ಐತಲ್ರಿ... ಅದಕ್ಕ ತಂದ್ನಿ.”

“ಎಷ್ಟಾತಪಾ?” ಎಂದಳು ರಾಚವ್ವ.

“ಏನೂ ಬ್ಯಾಡ್ರಿ ಯವ್ವಾ. ನಾ... ಹಂಗ ಕೊಡಾಕತ್ತೇನಿ.”

ರಾಚವ್ವ ಮಗಳ ಮುಖ ನೋಡಿದಳು, ಹುಡುಗನ ಮುಖ ನೋಡಿದಳು. ಅವಳಿಗೆ ತಿಳಿಯದ್ದೇನೂ ಉಳಿಯಲಿಲ್ಲ. ಗಟ್ಟಿ ಹೆಂಗಸು! ಒಳಗಿನಿಂದ ತಾಟಿನ ತುಂಬ ಉಂಡಿ ತಂದು ಮಗಳ ಕೈಗಿಟ್ಟಳು.

“ನೋಡ್ರೆವಾ, ಪಂಚಮಿ ದಿನ ತಂಗೀಗೆ ಗಾಲಿ ತಂದಾನ! ಅಣ್ಣ ಅಂದ್ರ ಹಿಂಗಿರಬೇಕು. ಶೀತಲಾ, ನಿಮ್ಮಣ್ಣಗ ಉಂಡಿ ಕೊಡು.”

ಅಣ್ಣ...?

ಶೀತಲ ಅವನತ್ತ ನೋಡಿದಳು. ಅಲ್ಲ ಅನ್ನು, ಒಮ್ಮೆ ಅಲ್ಲ ಅನ್ನು! ಅವನು ಅವಳತ್ತ ನೋಡಿದ. ಅಷ್ಟು ಹೆಂಗಸರ ಎದುರು ಹಬ್ಬದ ಉಂಡಿಯನ್ನು ಬೇಡ ಅನ್ನುವುದುಂಟೇ? ಅವಳ ಕೈ ಚಾಚಿತು. ಅವನ ಕೈ ತೆಗೆದುಕೊಂಡಿತು. ಹೆಂಗಸರು ನಕ್ಕು ಹರಸಿದರು.

ಅವನು ತಿರುಗಿ ನೋಡದೆ ಹೋದ.

ಮುಂದಿನ ದಿನಗಳು ಹೇಗೆ ಕಳೆದವೋ! ಓಣಿಯ ಹುಡುಗಿಯರು ಜೋಕಾಲಿ ಆಡಲು ಕರೆದರೆ ಹೋಗಲಿಲ್ಲ. ಬೇಕೆಂದೇ ಪಂಚಮಿಯ ದಿನ ಬಂದನೇ? ನನ್ನನ್ನು ಮೆತ್ತಗೆ ದೂರ ಸರಿಸಲು ಬೇರೆ ದಾರಿ ಸಿಗಲಿಲ್ಲವೇ? ಇದ್ದ ಒಂದು ಕಿಟಕಿಯನ್ನೂ ಅವನೇ ಮುಚ್ಚಿ ಹೋದನೇ? ಹೊಸ ಗಾಲಿಗಳನ್ನು ಮುಟ್ಟಲೂ ಅವಳಿಗೆ ಮನಸ್ಸಾಗಲಿಲ್ಲ. ಅತ್ತ ಶ್ರೀಶೈಲನೂ ಅಂಗಡಿಯಲ್ಲಿ ಹೀಗೇ ಬೇಯುತ್ತಿದ್ದ. ಉಂಡಿ ಕೊಟ್ಟದ್ದು ಅವಳ ಕೈ ತಾನೇ, ಅವಳ ಮನಸ್ಸೂ ಅದೇ ಇರಬೇಕು ಅಂದುಕೊಂಡಿದ್ದ.

ಶನಿವಾರ ಬೆಳಗ್ಗೆ, ರೇಸಿಗೆ ಕರೆದೊಯ್ಯಲು ಉಳಿದಿದ್ದ ಸಿದ್ಧಾರೂಢ ಚಹಾ ಕುಡಿಯುತ್ತಿದ್ದ. ರಾಚವ್ವ ಮಗಳಿಗೆ ಅಂದಳು, “ನಾಳಿಗೆ ನಿಮ್ಮಣ್ಣ ಕೊಟ್ಟ ಗಾಲಿ ಹಾಕ್ಕೊಂಡ ಹೋಗಬೇ.”

ತಡೆದದ್ದೆಲ್ಲ ಒಡೆಯಿತು.

“ಯವ್ವಾ, ನಿನ್ನ ತಮ್ಮ ಇಲ್ಲೇ ಕುಂತಾನ. ನನಗ ಅಣ್ಣ ಹುಟ್ಟಿಲ್ಲ. ಹುಟ್ಟದಾಂವನ್ನ ನೀ ತಂದ ಕೊಡಬ್ಯಾಡ!” ಅವಳು ಸೋದರಮಾವನ ಕಡೆ ತಿರುಗಿದಳು. “ಮಾಮಾ, ಸಿಟ್ಟಾಗಬ್ಯಾಡ. ನಾ ನಿನ್ನ ಮದವಿ ಆಗೂದಿಲ್ಲ.”

ಸಿದ್ಧಾರೂಢ ಚಹಾದ ಬಸಿ ಕೆಳಗಿಟ್ಟ.

“ಅಕ್ಕಾ, ನಿನ್ನ ಮಾತಿಗೆ ಇಲ್ಲ ಅನ್ನಾಕ ನನಗೂ ಬಾಯಿ ಬಂದಿರಲಿಲ್ಲ. ಹೆಗಲ ಮ್ಯಾಲೆ ಕುಂಡ್ರಿಸಿಕೊಂಡ ಆಡಿಸಿದ ಕೂಸ ಇದು. ಇದಕ್ಕ ನಾ ಹೆಂಗ ತಾಳಿ ಕಟ್ಲಿ?”

“ಹಂಗಾರ ನನ್ನ ತವರ?” ರಾಚವ್ವನ ದನಿ ಒಡೆಯಿತು.

“ನಾ ಇರೂತನಕ ನಿನ್ನ ತವರ ಎಲ್ಲಿ ಹೋಗತೈತಿ? ಪಂಚಮಿಗೆ ಸೀರಿ ತರಾಕ ನಾ ನಿನ್ನ ಅಳಿಯಾನ ಆಗಬೇಕೇನ?”

ರಾಚವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೂಂ ಅನ್ನಲಿಲ್ಲ. ಆದರೆ ಮಗಳು ಗಾಲಿಗಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದಾಗ ತಡೆಯಲೂ ಇಲ್ಲ.

ಬಸ್ಸಿನಲ್ಲಿ ಎರಡು ಗಾಲಿ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗಿಯನ್ನು ಜನ ನೋಡಿಯೇ ನೋಡಿದರು. ನೋಡಲಿ ಬಿಡಿ!

ಅಂಗಡಿಯ ಮುಂದೆ ನಿಂತಳು. “ನಿಮ್ಮ ಗಾಲಿ ವಾಪಸ್ ತಗೋರಿ.”

ಶ್ರೀಶೈಲ ಗಾಬರಿಯಾದ. “ಯಾಕ್ರಿ? ಬೆಂಡ್ ಅದಾವೇನ?”

“ಅಣ್ಣ ಕೊಟ್ಟ ಗಾಲಿ ನನಗ ಬ್ಯಾಡ.”

“ನಾ... ನಾ ಅಣ್ಣ ಅಂತ ಕೊಡಲಿಲ್ರಿ!”

“ಮತ್ತ ಪಂಚಮಿ ದಿನಾನ ಯಾಕ ತಂದ್ರಿ?”

“ಅವತ್ತ ಅಂಗಡಿ ಸೂಟಿ ಇತ್ತು...” ಅವನು ತಲೆ ಕೆರೆದುಕೊಂಡ. “ಅಕ್ಕತಂಗಿ ಇಲ್ಲದ ಮನಿ ನಮ್ದು. ಪಂಚಮಿ ಅಂದ್ರ ಉಂಡಿ ತಿನ್ನೂದು, ಅಷ್ಟ ಗೊತ್ತು. ನಿಮ್ಮವ್ವ ಅಣ್ಣ ಅಂದಾಗ ನಿಮ್ಮ ಮುಖಾನ ನೋಡಿದ್ನಿ. ನೀವು ಕೈಯಾರೆ ಉಂಡಿ ಕೊಟ್ರಿ. ನಿಮ್ಮ ಮನಸೂ ಅದ ಇರಬೇಕಂತ...”

“ನೀವು ತಗೊಂಡ್ರಿ!”

“ತಪ್ಪಾತು.”

ಶೀತಲ ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ. “ಮಾಮಾಗ ಆಗೂದಿಲ್ಲ ಅಂತ ಹೇಳಿ ಬಂದೇನಿ. ಅವ್ವ ಅಳಾಕತ್ತಾಳ. ಆಕಿನ್ನ ಒಪ್ಪಸಾಕ ನೀವ ಬರಬೇಕು.”

“ಬರತೇನಿ. ಬೈದ್ರೂ ಬರತೇನಿ, ಹೊರಗ ಹಾಕಿದ್ರೂ ಬರತೇನಿ.”

ಅವಳು ಗಾಲಿಗಳನ್ನು ಅವನ ಕೈಗೆ ಕೊಟ್ಟಳು. ಕಣ್ಣೊರೆಸಿಕೊಂಡಳು.

“ಇವತ್ತ ಯಾವ ಹಬ್ಬ?”

“ಇವತ್ತ? ಏನೂ ಇಲ್ರಿ. ಬರೇ ಶನಿವಾರ.”

“ಹಂಗಾರ ಇವತ್ತ ಕೊಡ್ರಿ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಗ್ರೀಸಿನ ಕೈಗಳನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಗಾಲಿಗಳನ್ನು ಎರಡೂ ಕೈಯಿಂದ ಎತ್ತಿ ಮುಂದೆ ಚಾಚಿದ.

“ತಗೋ, ಶೀತಲಾ.”

ಮೊದಲ ಸಲ ಅವನು ರೀ ಬಿಟ್ಟು ಅವಳನ್ನು ಹೆಸರು ಹಿಡಿದು ಕರೆದಿದ್ದ. ಅವಳು ಹಿಡಿದುಕೊಂಡಳು. ಅವನು ಬಿಡಲಿಲ್ಲ.

“ಬಿಡ್ರಿ, ಜನ ನೋಡಾಕತ್ತಾರ...”

“ನೋಡ್ಲಿ.”

“ಕೊಟ್ಟೇನಿ ಅಂತ ಹೇಳ್ರಿ ಹಂಗಾರ.”

“ಕೊಟ್ಟೇನಿ,” ಅಂದ ಅವನು, ಗಾಲಿಯ ಕಡೆ ನೋಡದೆ.