ಮೊದಲಿನ ಹಾಗಾದ ಕಾರು

ಶುಕ್ರವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ 10.20ಕ್ಕೆ ದಂತವೈದ್ಯರೊಬ್ಬರು ಠಾಣೆಗೆ ಬಂದು ತಮ್ಮ ಕಾರಿನ ಬಗ್ಗೆ ದೂರು ಕೊಡಬೇಕು ಎಂದರು. ಮಹಿಳಾ ಪೇದೆ ಕಾಗದ ಎಳೆದುಕೊಂಡಳು.

"ಕಳುವಾಗಿದೆಯಾ ಸಾರ್?"

"ಇಲ್ಲ. ಮನೆ ಕೆಳಗೇ ನಿಂತಿದೆ."

"ಯಾರಾದ್ರೂ ಗುದ್ದಿದ್ರಾ?"

"ಒಂದು ಗೀರೂ ಇಲ್ಲ."

"ಮತ್ತೇನಾಗಿದೆ?"

"ಮೊದಲಿನ ಹಾಗಾಗಿದೆ."

ಪೇದೆ ಪೆನ್ನು ಕೆಳಗಿಟ್ಟಳು. ಅವಳ ಹನ್ನೊಂದು ವರ್ಷದ ಸೇವೆಯಲ್ಲಿ ಕಳೆದುಹೋದದ್ದು, ಮುರಿದದ್ದು, ಸುಟ್ಟುಹೋದದ್ದು ಎಲ್ಲಕ್ಕೂ ದೂರು ಬಂದಿತ್ತು. ಮೊದಲಿನ ಹಾಗಾದದ್ದಕ್ಕೆ ಯಾರೂ ಬಂದಿರಲಿಲ್ಲ. ಅವಳು ಇನ್ಸ್‌ಪೆಕ್ಟರನ್ನು ಕರೆದಳು.

ಇನ್ಸ್‌ಪೆಕ್ಟರು ಎಡಗೆನ್ನೆ ಒತ್ತಿಕೊಂಡು ಹೊರಬಂದರು. ಮೂರು ದಿನದಿಂದ ಹಲ್ಲುನೋವು. ವೈದ್ಯರು ತಮ್ಮ ಕಷ್ಟ ಹೇಳಿಕೊಳ್ಳುವಾಗಲೂ ಅವರ ಕಣ್ಣು ಆ ಕೆನ್ನೆಯ ಮೇಲೇ ಇತ್ತು, ಕಸುಬಿನ ಚಟ.

ಸಂಗತಿ ಇಷ್ಟು. ಅವರದು ಟರ್ಬೊ ಇರುವ ಸ್ಪೋರ್ಟ್ಸ್ ಕಾರು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯಿಂದಲೇ ತಿರುಗಿ ಎಂಜಿನ್ನಿಗೇ ಗಾಳಿ ತುರುಕುವ ಚಕ್ರ, ಕುಲುಮೆಗೆ ತಿದಿ ಇದ್ದ ಹಾಗೆ. ಕಾರ್ಖಾನೆ ಕೊಟ್ಟ ವೇಗ ವೈದ್ಯರಿಗೆ ಸಾಲಲಿಲ್ಲ. ನಾಲ್ಕು ತಿಂಗಳಿಂದ ಒಂದು ಗ್ಯಾರೇಜಿನಲ್ಲಿ ತಿದಿ ದೊಡ್ಡದು ಮಾಡಿಸಿದ್ದರು, ಹೊಗೆಕೊಳವೆ ಅಗಲ ಮಾಡಿಸಿದ್ದರು, ಕಾರಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಸಿದ್ದರು. ಮಂಗಳವಾರ, ಬುಧವಾರ ಎರಡು ದಿನ ಅವರು ಊರಲ್ಲಿರಲಿಲ್ಲ. ಗುರುವಾರ ಸಂಜೆ ಕಾರು ತೆಗೆದಾಗ—

"ಆಕ್ಸಿಲರೇಟರ್ ಒತ್ತಿದೆ ಸಾರ್. ನಮ್ಮತ್ತೆ ಕಾರಿನ ಹಾಗೆ ಹೋಯ್ತು."

"ಅತ್ತೆ ಕಾರು ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ಕಷ್ಟ. ಭಾನುವಾರ ನಮ್ಮ ಕ್ಲಬ್ಬಿನವರು ಬೆಟ್ಟದ ರಸ್ತೆಗೆ ಹೋಗ್ತಿದ್ದೀವಿ."

"ಪಂದ್ಯನಾ?"

"ಓಡಾಟ."

"ಎಷ್ಟು ವೇಗದ ಓಡಾಟ?"

ವೈದ್ಯರು ಗೋಡೆಯ ಗಡಿಯಾರ ನೋಡಿದರು.

"ಇದನ್ನೆಲ್ಲ ಹಾಕಿಸೋಕೆ ಸಾರಿಗೆ ಕಚೇರಿ ಒಪ್ಪಿಗೆ ಇತ್ತಾ?"

"ಮಾಡಿಸಬೇಕು ಅಂತಿದ್ದೆ."

"ಅಂದ್ರೆ ಕಳ್ಳರು ಬಂದು ನಿಮ್ಮ ಕಾರನ್ನ ಕಾನೂನಿನ ಪ್ರಕಾರ ಸರಿಮಾಡಿ ಹೋಗಿದ್ದಾರೆ."

"ಕೇಳದೆ ಮುಟ್ಟಿದ್ದಾರೆ ಸಾರ್. ಅದು ತಪ್ಪು ತಾನೆ?"

ಅದು ತಪ್ಪೇ ಆಗಿತ್ತು. 11.05ಕ್ಕೆ ಎಫ್‌ಐಆರ್ ದಾಖಲಾಯಿತು: ಅತಿಕ್ರಮ ಪ್ರವೇಶ, ಅನುಮತಿಯಿಲ್ಲದೆ ವಾಹನದ ಭಾಗಗಳನ್ನು ತೆಗೆದದ್ದು. ಕಳುವಾದ ವಸ್ತು ಎಂಬ ಕಡೆ ಪೇದೆ ಸದ್ಯಕ್ಕೆ ಒಂದು ಗೆರೆ ಎಳೆದಳು.

ಪಂಚನಾಮೆ ಮಧ್ಯಾಹ್ನ 12.15ಕ್ಕೆ, ವೈದ್ಯರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಶುರುವಾಯಿತು. ಕಾರಿನ ಹಿಂದೆ ಗೋಡೆಗೆ ಒರಗಿಸಿ ಐದು ರಟ್ಟಿನ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಹೊರಗಿನಿಂದ ತಂದು ಹಾಕಿದ್ದ ಒಂದೊಂದು ಭಾಗವನ್ನೂ ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಕಟ್ಟಿ ಇಡಲಾಗಿತ್ತು. ಬೋಲ್ಟುಗಳು ಸಣ್ಣ ಡಬ್ಬಿಗಳಲ್ಲಿ. ಒಂದರ ಮೇಲೆ ಹೀಗಿತ್ತು: 'ಬಲಗಡೆ, ಮೇಲಿನ ನಾಲ್ಕು. ಉದ್ದದ್ದು ಒಳಗೆ. ಬಲವಂತ ಬೇಡ.' ನೆಲ ಗುಡಿಸಿತ್ತು. ಗುಡಿಸಿ ಹೋಗುವ ಕಳ್ಳರು ಠಾಣೆಯ ದಾಖಲೆಯಲ್ಲಿ ಇರಲಿಲ್ಲ.

ಕಾವಲುಗಾರನನ್ನು ಕರೆಯಲಾಯಿತು.

"ಮಂಗಳವಾರ ಯಾರು ಬಂದಿದ್ರು?"

"ಒಬ್ಬರು ಹೆಂಗಸು ಸಾರ್. ನೀಲಿ ಅಂಗಿ, ಜಾಕು, ಪೆಟ್ಟಿಗೆ. ಎರಡು ದಿನ ಬಂದ್ರು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಸಂಜೆ ಐದೂವರೆಗೆ ಹೊರಡೋರು."

"ತಡೀಲಿಲ್ವಾ?"

"ಕೈಲಿ ಕಾರಿನ ಕೀ ಇತ್ತು. ಕೀ ಇದ್ದೋರನ್ನ ತಡೆಯೋಕೆ ನಾನ್ಯಾರು? ಏನು ಕೆಲಸ ಅಂತ ಕೇಳಿದೆ. 'ಬಿಚ್ಚೋದು' ಅಂದ್ರು. ಪುಸ್ತಕದಲ್ಲೂ ಬರೆದಿದ್ದಾರೆ, ನೋಡಿ."

ಬರೆದಿತ್ತು. ಕೆಲಸ: ಬಿಚ್ಚುವುದು. ಹೆಸರು: ಅಕ್ಕ.

"ಯಾರ ಅಕ್ಕ?"

"ಅದೆಲ್ಲ ಕೇಳ್ತಾರಾ ಸಾರ್? ಎಲ್ಲರಿಗೂ ಒಬ್ಬಳು ಇರ್ತಾಳೆ."

ಅಷ್ಟರಲ್ಲಿ ಕಾರಿನ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡುತ್ತಿದ್ದ ಪೇದೆ ಕರೆದಳು. ಮತ್ತೆ ಕೂರಿಸಿದ್ದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಸಣ್ಣ ಕೆಂಪು ಗೆರೆ ಇತ್ತು. ಬೋಲ್ಟು ಅಲುಗಿದರೆ ಗೆರೆ ಮುರಿಯುತ್ತದೆ, ನೋಡಿದವರಿಗೆ ತಿಳಿಯುತ್ತದೆ.

"ಬಣ್ಣ ಹಚ್ಚಿದ್ದಾರೆ," ಎಂದರು ಇನ್ಸ್‌ಪೆಕ್ಟರು.

"ಬರೀ ಬಣ್ಣ ಅಲ್ಲ ಸಾರ್, ಉಗುರಿಗೆ ಹಚ್ಚೋದು. ಪೇಂಟು ಹೀಗೆ ಹೊಳೆಯಲ್ಲ."

ಇಬ್ಬರೂ ವೈದ್ಯರ ಕಡೆ ನೋಡಿದರು. ವೈದ್ಯರು ಮಾಳಿಗೆಯ ಕಡೆ, ತಮ್ಮ ಮನೆ ಇದ್ದ ದಿಕ್ಕಿಗೆ ನೋಡಿದರು. "ನನ್ನ ಹೆಂಡತಿ ಇದಕ್ಕೆಲ್ಲ ಬಗ್ಗೋಳಲ್ಲ," ಎಂದರು. ಯಾವ ಅರ್ಥದಲ್ಲಿ ಎಂದು ಯಾರೂ ಕೇಳಲಿಲ್ಲ.

ಹಿಂದಿನ ಗಾಜಿನ ಮೂಲೆಯಲ್ಲಿ ಅಂಗೈಯಗಲದ ಜಾಗ ಮಾತ್ರ ಧೂಳಿಲ್ಲದೆ ಹೊಳೆಯುತ್ತಿತ್ತು. ಅಂಚಿನಲ್ಲಿ ಅಂಟು ಉಳಿದಿತ್ತು.

"ಇಲ್ಲೇನಿತ್ತು?"

"ಗ್ಯಾರೇಜಿನವರ ಸ್ಟಿಕ್ಕರ್. ಬಿಡಿ ಸಾರ್, ಅದೇನು ದೊಡ್ಡದಲ್ಲ."

"ಏನಂತ ಬರೆದಿತ್ತು?"

"'ಅಕ್ಕನ ಕೈಗುಣ' ಅಂತ."

ಇನ್ಸ್‌ಪೆಕ್ಟರು ಕಾವಲುಗಾರನ ಪುಸ್ತಕವನ್ನು ವೈದ್ಯರ ಮುಖದ ಮುಂದೆ ಹಿಡಿದರು.

"ಅದು ಬರೀ ಹೆಸರು ಸಾರ್. ತಾಯಿ ಹೆಸರಲ್ಲಿ ಹೋಟೆಲ್ ಇಡಲ್ವಾ, ಹಾಗೆ. ಅಲ್ಲಿರೋನು ಗಂಡಸು. ಎಲ್ಲಾ ಅವನೇ ಮಾಡಿದ್ದು."

"ಮಾಡಿದ್ದನ್ನ ನೀವು ನೋಡಿದ್ರಾ?"

"ನಾನು ಮುಂದೆ ಕೂತು ಕಾಫಿ ಕುಡೀತಿದ್ದೆ."

"ಕಾರ್ಖಾನೆಯಿಂದ ಬಂದ ಹಳೇ ಭಾಗಗಳು ಎಲ್ಲಿದ್ದವು?"

"ಗ್ಯಾರೇಜಲ್ಲೇ. ನನಗ್ಯಾಕೆ ಅವು?"

ನಲವತ್ತೊಂದು ಭಾಗಗಳನ್ನು ಎಣಿಸಲಾಯಿತು. ಎಲ್ಲವೂ ಇದ್ದವು. ಪೇದೆ ಎಫ್‌ಐಆರ್‌ನ ಗೆರೆಯನ್ನು ನೆನೆದು ಪಂಚನಾಮೆಯಲ್ಲಿ ಬರೆದಳು: ಸ್ಥಳದಲ್ಲಿ ಇಲ್ಲದ ವಸ್ತು, ಸ್ಟಿಕ್ಕರ್ ಒಂದು.

ಮಧ್ಯಾಹ್ನ 3.30. ಗ್ಯಾರೇಜಿನ ಮುಂಭಾಗದಲ್ಲಿ ಗಾಜಿನ ಮೇಜು, ಮೆತ್ತನೆ ಕುರ್ಚಿ, ಕಾಫಿ ಯಂತ್ರ. ಅದರಾಚೆ ಉದ್ದನೆಯ ಶೆಡ್ಡು, ಗೋಡೆಯ ತುಂಬ ಅಳತೆ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು, ನಡುವೆ ಸ್ಟ್ಯಾಂಡಿನ ಮೇಲೆ ನಿಂತ ಒಂದು ಕಾರು. ಮೇಜಿನ ಹಿಂದಿದ್ದ ಮೂವತ್ತೈದರ ಗಂಡಸು ಸಮವಸ್ತ್ರ ನೋಡಿದ್ದೇ ಎದ್ದು ನಿಂತ.

"ಡಾಕ್ಟರ ಕಾರು," ಎಂದರು ಇನ್ಸ್‌ಪೆಕ್ಟರು.

"ನಾನೇ ಸಾರ್."

"ನಾನಿನ್ನೂ ಏನೂ ಕೇಳಿಲ್ಲ."

"ಏನೇ ಆಗಿರ್ಲಿ, ನಾನೇ."

"ಬಂದಿದ್ದು ಹೆಂಗಸು ಅಂತ ಕಾವಲುಗಾರ ಹೇಳ್ತಾನೆ."

"ಅವನಿಗೆ ಕಣ್ಣು ಮಂಜು ಸಾರ್."

"ಆಗ್ಲಿ." ಇನ್ಸ್‌ಪೆಕ್ಟರು ಸ್ಟ್ಯಾಂಡಿನ ಮೇಲಿದ್ದ ಕಾರಿನ ತೆರೆದ ಬಾನೆಟ್ಟಿನೊಳಗೆ ಬೆರಳು ತೋರಿಸಿದರು. "ಈ ಬೋಲ್ಟ್ ಬಿಚ್ಚಿ ನೋಡೋಣ."

ಅವನು ಗೋಡೆಯ ಮುಂದೆ ನಿಂತು, ಅಂಗಡಿಯಲ್ಲಿ ಸೀರೆ ಆರಿಸುವವನಂತೆ ಒಂದು ಸ್ಪ್ಯಾನರು ತೆಗೆದ. ಬೋಲ್ಟಿಗೆ ಸಿಕ್ಕಿಸಿ ಎಳೆದ. ಜಾರಿತು. ಇನ್ನೂ ಜೋರಾಗಿ ಎಳೆದ.

ಕಾರಿನ ಅಡಿಯಿಂದ ಒಂದು ದನಿ ಬಂತು. "ಅದು ಹದಿಮೂರು ಕಣೋ. ಹದಿನಾಲ್ಕು ಹಾಕಿ ಅದರ ತಲೆ ಸವೆಸಬೇಡ."

ಮರದ ಹಲಗೆಯ ಗಾಲಿಗಳು ಕರಕರ ಎಂದವು. ನೀಲಿ ಅಂಗಿಯ ಹೆಂಗಸೊಬ್ಬಳು ಅಂಗಾತ ಮಲಗಿದ್ದಂತೆಯೇ ಹೊರಗೆ ಉರುಳಿ ಬಂದಳು. ನಲವತ್ತೈದರ ಆಚೀಚೆ, ಕೂದಲು ಅರ್ಧ ನರೆತಿತ್ತು, ಉಗುರುಗಳು ಗ್ರೀಸಿನಿಂದ ಕಪ್ಪಾಗಿದ್ದವು. ಅಂಗಿಯ ಜೇಬಿನಿಂದ ಉಗುರುಬಣ್ಣದ ಸೀಸೆಯ ಮುಚ್ಚಳ ಇಣುಕುತ್ತಿತ್ತು.

"ಇವನು ನನ್ನ ತಮ್ಮ," ಎಂದಳು. "ಸುಳ್ಳು ಹೇಳೋಕೂ ಬರಲ್ಲ, ಸ್ಪ್ಯಾನರ್ ಹಿಡಿಯೋಕೂ ಬರಲ್ಲ. ಗಿರಾಕಿ ಹತ್ರ ಮಾತಾಡೋದು ಮಾತ್ರ ಬರುತ್ತೆ. ಬಿಚ್ಚಿದ್ದು ನಾನು. ಕೇಳಿ."

"ಕೀ ಎಲ್ಲಿಂದ ಬಂತು?"

"ಕೆಲಸಕ್ಕೆ ಅಂತ ಎರಡು ಕೊಟ್ಟಿದ್ರು. ಒಂದನ್ನ ವಾಪಸ್ ಕೇಳೋದು ಮರೆತ್ರು. ಮೊಳೆಗೆ ನೇತುಹಾಕಿತ್ತು."

"ಯಾಕೆ ಬಿಚ್ಚಿದ್ದು?"

"ಕೆಲಸ ಮುಗಿದಿರಲಿಲ್ಲ."

"ಮುಗಿದಿಲ್ಲ ಅಂದ್ರೆ ಮುಗಿಸಬೇಕು. ಬಿಚ್ಚೋದಾ?"

"ಮುಗಿಸೋಕೆ ಬಿಡಲಿಲ್ಲ." ಅವಳು ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡಳು. "ಎಂಜಿನ್ನಿನ ಬಲ ಒಂದೂವರೆ ಪಟ್ಟು ಮಾಡಿದೆ. ನಿಲ್ಲಿಸೋ ಬ್ರೇಕು ಹಳೇದೇ. ನಾನೇ ಬೆಟ್ಟದ ರಸ್ತೇಲಿ ಇಳಿಸಿ ನೋಡಿದೆ. ಐದನೇ ತಿರುವಿಗೆ ಪೆಡಲ್ ನೆಲ ಮುಟ್ಟಿತು. ಗೇರ್ ಇಳಿಸಿ ಹಿಡ್ಕೊಂಡು, ಚಕ್ರನ ಮಣ್ಣಿನ ದಿಬ್ಬಕ್ಕೆ ಒರೆಸಿ ನಿಲ್ಲಿಸಿದೆ. ದೊಡ್ಡ ಬ್ರೇಕ್ ಹಾಕೋತನಕ ಕಾರು ಕೊಡಬೇಡ ಅಂತ ಇವನಿಗೆ ಹೇಳಿದ್ದೆ."

"ಡಾಕ್ಟರು ಒಪ್ಪಲಿಲ್ಲ ಅಕ್ಕ," ಎಂದ ತಮ್ಮ. "ಬ್ರೇಕ್ ಯಾರಿಗೆ ಕಾಣುತ್ತೆ ಅಂದ್ರು."

"ಅದಕ್ಕೆ ಇವನು ಕಾರೂ ಕೊಟ್ಟ. ಮೇಲೆ ನನ್ನ ಹೆಸರೂ ಅಂಟಿಸಿ ಕಳಿಸಿದ."

"ಡಾಕ್ಟರಿಗೇ ಹೇಳಬಹುದಿತ್ತಲ್ಲ?"

"ಮೂರು ಸಲ ಫೋನ್ ಮಾಡಿದೆ. 'ಯಾರಮ್ಮಾ ನೀನು, ಗ್ಯಾರೇಜಿನ ಯಜಮಾನರಿಗೆ ಕೊಡು' ಅಂದ್ರು. ಕೊಟ್ಟೆ. ಯಜಮಾನರು ಹಲ್ಲು ಕಿರಿದ್ರು."

ತಮ್ಮ ಕಾಫಿ ಯಂತ್ರದ ಕಡೆ ತಿರುಗಿದ.

4.40ಕ್ಕೆ ದಂತವೈದ್ಯರನ್ನು ಕರೆಸಲಾಯಿತು. ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ತಮ್ಮನನ್ನು ನೋಡಿ, ಮತ್ತೆ ಅವಳನ್ನು ನೋಡಿದರು. ಮನುಷ್ಯ ಕೆಟ್ಟವರಲ್ಲ. ಭಾನುವಾರ ಹತ್ತಿರ ಬಂದಿತ್ತು, ಅಷ್ಟೆ.

"ಆಯ್ತಮ್ಮಾ, ಆಗಿದ್ದು ಆಯ್ತು. ನಾಳೆ ಸಂಜೆ ಒಳಗೆ ಎಲ್ಲಾ ವಾಪಸ್ ಹಾಕಿಬಿಡು. ದೂರು ಹಿಂದಕ್ಕೆ ತಗೋತೀನಿ."

"ಹೂಂ ಅನ್ನು ಅಕ್ಕ," ಎಂದ ತಮ್ಮ. "ಠಾಣೆ ಮೆಟ್ಟಿಲು ಹತ್ತಿದ ಗ್ಯಾರೇಜಿಗೆ ಯಾರು ಬರ್ತಾರೆ?"

"ಬ್ರೇಕ್ ಸಮೇತನಾ?" ಎಂದು ಅವಳು ವೈದ್ಯರನ್ನೇ ಕೇಳಿದಳು.

"ಭಾನುವಾರಕ್ಕೆ ಅದು ಆಗುತ್ತಾ?"

"ಆಗಲ್ಲ. ತರಿಸೋಕೇ ಮೂರು ವಾರ."

"ಹಾಗಾದ್ರೆ ಅದೊಂದು ಬಿಟ್ಟು—"

"ಡಾಕ್ಟ್ರೇ, ಅರ್ಧ ಕೊರೆದ ಹಲ್ಲು ಇಟ್ಕೊಂಡು ರೋಗಿ ಕುರ್ಚಿಯಿಂದ ಎದ್ದು ಹೊರಟ್ರೆ ಬಿಡ್ತೀರಾ? 'ಇದು ಇಂಥ ಡಾಕ್ಟರ ಕೈಗುಣ' ಅಂತ ಹಣೆ ಮೇಲೆ ಅಂಟಿಸ್ಕೊಂಡು ಊರೆಲ್ಲಾ ಸುತ್ತಿದ್ರೆ?"

ಇನ್ಸ್‌ಪೆಕ್ಟರ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಅದು ಬೇರೆ," ಎಂದರು ವೈದ್ಯರು.

"ಬೇರೇನೇ. ಅಲ್ಲಿ ಹೋಗೋದು ಒಬ್ಬನ ಹಲ್ಲು. ಬೆಟ್ಟದಲ್ಲಿ ಎದುರಿಗೆ ಬಸ್ ಬರುತ್ತೆ."

"ಕಾರು ನಂದು. ಜೀವ ನಂದು."

"ಕೈ ನಂದು," ಎಂದಳು ಅವಳು. "ಹಾಕಲ್ಲ."

ವೈದ್ಯರ ಮುಖ ಕೆಂಪಾಯಿತು. "ಹಾಗಾದ್ರೆ ಕೇಸ್ ನಡೀಲಿ."

"ನಡೀಲಿ." ಅವಳು ಪೇದೆಗೆ ಸ್ಟೂಲು ಎಳೆದುಕೊಟ್ಟಳು. "ಕೂತ್ಕೊಂಡು ಬರ್ಕೊಳ್ಳಮ್ಮಾ, ನಿಂತು ಬರೆದ್ರೆ ಅಕ್ಷರ ಕೆಡುತ್ತೆ."

ಹೇಳಿಕೆಯನ್ನು ಮೂರು ಸಲ ಬರೆಯಬೇಕಾಯಿತು. ಮೊದಲ ಪ್ರತಿಯಲ್ಲಿ 'ಭಾಗಗಳನ್ನು ಕಿತ್ತುಹಾಕಿ ಕಾರನ್ನು ಹಾಳುಮಾಡಿರುತ್ತೇನೆ' ಎಂದಿತ್ತು. ಅವಳು ಓದಿ ಕಾಗದ ಹಿಂದಕ್ಕೆ ತಳ್ಳಿದಳು. "ಕೀಳೋದು ಡಾಕ್ಟರ ಕೆಲಸ. ನಾನು ಬಿಚ್ಚಿದ್ದೀನಿ." ಎರಡನೆಯದರಲ್ಲಿ 'ಹಾಳುಮಾಡಿ' ಹಾಗೇ ಉಳಿದಿತ್ತು. ಅದಕ್ಕೂ ಸಹಿ ಬೀಳಲಿಲ್ಲ. ಮೂರನೆಯದರಲ್ಲಿ 'ಬಿಚ್ಚಿ, ಮೊದಲಿನ ಹಾಗೆ ಮಾಡಿರುತ್ತೇನೆ' ಎಂದಾಯಿತು. ಸಹಿ ಹಾಕಿದಳು.

"ಸ್ಟಿಕ್ಕರ್ ಎಲ್ಲಿ?" ಎಂದರು ಇನ್ಸ್‌ಪೆಕ್ಟರು.

ಅವಳು ತನ್ನ ಹತಾರದ ಪೆಟ್ಟಿಗೆಯ ಮುಚ್ಚಳ ತೆರೆದಳು. ಒಳಗಡೆ, ಒಂದು ಮೂಲೆ ಹರಿದ ಸ್ಟಿಕ್ಕರು ಅಂಟಿಕೊಂಡಿತ್ತು. "ಇದು ನಂದೇ."

"ಅಂಟಿಸಿ ಕೊಟ್ಟ ಮೇಲೆ ಅವರದ್ದು."

"ಹಾಗಾದ್ರೆ ಕದ್ದಿದ್ದೀನಿ. ಅದೊಂದು ಸೇರಿಸಿ, ಇನ್ನೊಂದು ಸಹಿ ಹಾಕ್ತೀನಿ."

ಸ್ಟಿಕ್ಕರ್ ಬಿಡಿಸಿದರೆ ಹರಿದುಹೋಗುವಂತಿತ್ತು. ಪೆಟ್ಟಿಗೆಯ ಮುಚ್ಚಳವನ್ನೇ ವಶಕ್ಕೆ ಪಡೆಯಬೇಕಾಯಿತು. ಅದನ್ನು ಪೆಟ್ಟಿಗೆಯಿಂದ ಬಿಚ್ಚಿಕೊಟ್ಟವಳೂ ಅವಳೇ.

ಸಂಜೆ 5.35ಕ್ಕೆ ಪೇದೆ ಅವಳನ್ನು ಬಂಧಿಸಿದಳು. ದಸ್ತಗಿರಿಯ ಸಂಗತಿಯನ್ನು ತಮ್ಮನಿಗೆ ತಿಳಿಸಿ ಸಹಿ ಪಡೆಯಲಾಯಿತು. "ಅಂಗಡಿ ನೋಡ್ಕೋ," ಎಂದಳು ಅಕ್ಕ. "ಸ್ಪ್ಯಾನರ್ ಮಾತ್ರ ಮುಟ್ಟಬೇಡ."

ಜೀಪು ಮೊದಲ ತಿರುವಿನಲ್ಲಿ ನಿಧಾನಿಸಿದಾಗ ಚಕ್ರದ ಕಡೆಯಿಂದ ಕೀರಲು ಸದ್ದು ಬಂತು.

"ಇದರ ಬ್ರೇಕ್ ಯಾರು ನೋಡ್ತಾರೆ?" ಎಂದಳು ಆರೋಪಿ.

ಚಾಲಕ ಇನ್ಸ್‌ಪೆಕ್ಟರ ಕಡೆ ನೋಡಿದ. ಇನ್ಸ್‌ಪೆಕ್ಟರು ರಸ್ತೆಯ ಕಡೆ ನೋಡಿದರು. "ನಿಧಾನಕ್ಕೆ ಹೋಗಯ್ಯ," ಎಂದರು. 7.10ಕ್ಕೆ ತಮ್ಮನ ಹೊಣೆಯ ಮೇಲೆ ಅವಳಿಗೆ ಜಾಮೀನಾಯಿತು.

ಭಾನುವಾರ ಬೆಳಿಗ್ಗೆ ಬೆಟ್ಟದ ತಪ್ಪಲಿನಲ್ಲಿ ಇನ್ಸ್‌ಪೆಕ್ಟರು ವಾಹನ ತಪಾಸಣೆ ಇಟ್ಟರು. 'ಓಡಾಟ'ಕ್ಕೆ ಹೊರಟ ಆರು ಕಾರುಗಳು ಬಂದವು. ಐದಕ್ಕೆ ದಂಡ ಬಿತ್ತು; ಎರಡನ್ನು ಅಲ್ಲೇ ನಿಲ್ಲಿಸಿಕೊಳ್ಳಲಾಯಿತು. ಕಾಗದದಲ್ಲಿ ಇದ್ದದ್ದೂ ಕಾರಿನಲ್ಲಿ ಇದ್ದದ್ದೂ ಒಂದೇ ಆಗಿದ್ದದ್ದು ದಂತವೈದ್ಯರ ಕಾರಿನಲ್ಲಿ ಮಾತ್ರ. ಅವರು ಯಾರ ಮುಖವನ್ನೂ ನೋಡದೆ ಮುಂದಕ್ಕೆ ಹೋದರು, ನಲವತ್ತು ನಿಮಿಷ ಬಿಟ್ಟು ಇಳಿದು ಬಂದರು. ಎಲ್ಲ ತಿರುವುಗಳನ್ನೂ ದಾಟಿ.

ಸೋಮವಾರ ಇನ್ಸ್‌ಪೆಕ್ಟರು, ಬೇರೊಬ್ಬ ವೈದ್ಯರ ಬಳಿ ಹಲ್ಲು ಕೀಳಿಸಿಕೊಂಡು ಬಂದು, ಹತ್ತಿ ಕಚ್ಚಿಕೊಂಡೇ ಕೇಸ್ ಡೈರಿ ತೆರೆದರು. ಅಪರಾಧದ ಉದ್ದೇಶ ಎಂಬಲ್ಲಿ ಮೊದಲು 'ದ್ವೇಷ' ಎಂದು ಬರೆದರು. ಹೊಡೆದು ಹಾಕಿದರು. ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳದ ಸ್ಟಿಕ್ಕರ್ ನೋಡಿದರು. ಆಮೇಲೆ ಬರೆದರು:

'ಕೆಲಸ ಅರ್ಧಕ್ಕೆ ನಿಂತಿತ್ತು. ಹೆಸರನ್ನು ಪೂರ್ತಿ ಅಂಟಿಸಲಾಗಿತ್ತು.'