ಇನಾಸನ ಬಲಗಿವಿ

ಉದಯ ಕಲ್ಲು ಹೊಡೆದ. ಇನಾಸನ ಬಲಗಿವಿ ಹರಿಯಿತು. ಮೂರು ಹೊಲಿಗೆ ಬಿತ್ತು.

ಅದು ಶುಕ್ರವಾರ, ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರ ಕಣ್ಣೆದುರಿಗೆ. "ಇವನ ಗುಂಗುರು ಕೂದ್ಲಿಗೆ ಗುರಿ ಇಟ್ಟಿದ್ದೆ, ಮಿಸ್ಸಾಯ್ತು," ಎಂದು ಉದಯ ನಕ್ಕಿದ್ದ.

ಭಾನುವಾರ ಚರ್ಚಿನ ಬೇಲಿಯಲ್ಲಿ ಎಂದಿನಂತೆ ಕತ್ತಿಗಳು ನೇತಾಡುತ್ತಿದ್ದವು. ಕಾಡುದಾರಿಯಲ್ಲಿ ನಡೆದು ಬರುವ ಗಂಡಸರು ಸೊಂಟದ ಕತ್ತಿಯನ್ನು ಬೇಲಿಗೆ ಸಿಕ್ಕಿಸಿಯೇ ಒಳಗೆ ಹೋಗುವುದು.

"ರೆಜಿನಾ, ನಿನ್ನ ಅಪ್ಪನ ಕತ್ತಿ ತಗಂಡು ಬಾ," ಎಂದ ದೊಡ್ಡಪ್ಪನ ಮಗ ಬಸ್ತ್ಯಾಂವ. "ಆ ಉದಯಂಗೆ ತೋರ್ಸುವ. ಯೇಸುಸ್ವಾಮಿನೇ ಹೇಳಿದಾರೆ, ಅಂಗಿ ಮಾರಿಯಾದ್ರೂ ಕತ್ತಿ ತಗಳಿ ಅಂತ. ಬೇಕಾದ್ರೆ ನೋಡು!"

ಅವನು ತೆರೆದ ಬೈಬಲ್ಲಿನ ಪುಟದಲ್ಲಿ ಹಾಗೇ ಇತ್ತು. ರೆಜಿನಾಳಿಗೆ ತಮ್ಮ ಇನಾಸನ ಕಿವಿ ನೆನೆದು ಮೈ ಉರಿಯಿತು. ಕೈ ಬೇಲಿಯತ್ತ ಹೋಯಿತು.

"ಆಮೇಲೆ ಎಂತ ಆಯ್ತು?" ಎಂದಳು.

"ಶಿಷ್ಯರು 'ಎರಡು ಕತ್ತಿ ಇದೆ' ಅಂದ್ರು. 'ಸಾಕು' ಅಂದ್ರು ಯೇಸು."

"ಅಷ್ಟು ಜನಕ್ಕೆ ಎರಡೇ? ಸೌದೆ ಕಡಿಯೂಕೂ ಸಾಲೂದಿಲ್ಲ!"

"ನಂಗೆಂತ ಗೊತ್ತು? ನಾ ಓದಿದ್ದು ಅಲ್ಲಿವರೆಗೇ."

ರೆಜಿನಾ ಇನ್ನೊಂದು ಕೈಯಲ್ಲಿ ಪುಸ್ತಕ ಕಿತ್ತುಕೊಂಡು ಮುಂದೆ ಓದಿದಳು. ಯೇಸುವನ್ನು ಹಿಡಿಯಲು ಜನ ಬಂದರು. ಶಿಷ್ಯನೊಬ್ಬ ಕತ್ತಿ ಬೀಸಿದ. ಒಬ್ಬ ಆಳಿನ ಬಲಗಿವಿ ಹೋಯಿತು.

ಬಲಗಿವಿ!

ಯೇಸು ತಡೆದರು. ಎಲ್ಲರ ಎದುರಿಗೇ ಆ ಕಿವಿ ಮುಟ್ಟಿ ವಾಸಿಮಾಡಿದರು.

ಅವಳ ಕೈ ಬೇಲಿಯಿಂದ ತಾನಾಗಿ ಕೆಳಗಿಳಿಯಿತು.

ಅಷ್ಟರಲ್ಲಿ ಭಾನುವಾರ ಚರ್ಚಿನಲ್ಲಿ ಪಾಠ ಹೇಳುವ ಟೀಚರ್ ಬಂದರು. ಹಿಂದೆ ಕಿವಿಗೆ ಪಟ್ಟಿ ಕಟ್ಟಿದ ಇನಾಸ.

"ಟೀಚರ್, ಎರಡು ಕತ್ತಿ ಎಂತಕ್ಕೆ ಸಾಕು ಅಂದ್ರು?"

"ಅದು ನಿಮ್ಮ ಪಾಠದಲ್ಲಿಲ್ಲ." ಟೀಚರ್ ಒಂದು ಉಣ್ಣೆ ಟೋಪಿ ಚಾಚಿದರು. "ಈ ಟೋಪಿ ತಮ್ಮಂಗೆ ಹಾಕು. ಹಿಂದಿನ ಬೆಂಚಲ್ಲಿ ಕೂರ್ಸು. ಚರ್ಚಿಗೆ ಬೆಂಚು ಕೊಟ್ಟೋರು ಇವತ್ತು ಬರ್ತಾರೆ, ಫೋಟೋ ಇದೆ."

ಬೆಂಚು ಕೊಟ್ಟವರು ಉದಯನ ಅಪ್ಪ.

"ಅವರ ಎದುರು ಆ ಪಟ್ಟಿ ಕಾಣೂದು ಬೇಡ. ಕ್ಷಮಿಸೂಕೆ ಕಲೀಬೇಕು ಮಗಾ. ಯೇಸು ಹೇಳಿಲ್ವಾ?"

ರೆಜಿನಾ ಪುಟದ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಯೇಸು ಆ ಕಿವಿಗೆ ಟೋಪಿ ಹಾಕಿರಲಿಲ್ಲ.

"ಅಕ್ಕಾ, ಟೋಪಿ ತಾಗಿದ್ರೆ ನೋಯ್ತದೆ," ಎಂದ ಇನಾಸ.

ಅವಳು ಟೋಪಿಯನ್ನು ಬೇಲಿಗೆ, ಕತ್ತಿಗಳ ಪಕ್ಕದಲ್ಲಿ ಸಿಕ್ಕಿಸಿದಳು. ತಮ್ಮನ ಕೈ ಹಿಡಿದು ಒಳಗೆ ಹೋಗಿ, ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ ಕೂತಳು.

"ರೆಜಿನಾ! ಹಿಂದೆ ಅಂದೆ ನಾನು."

"ಇಲ್ಲ ಟೀಚರ್. ನಾವು ಇಲ್ಲೇ ಕೂತ್ಕಳ್ತೇವೆ."